ಜೇನಿಗೆ ಪಾನಕ ಕೊಟ್ಟ ಡ್ರಿಲ್ ಮೇಷ್ಟ್ರು

ಮೊದಲನೆಯದು ಎಡಗಿವಿಯ ಹಾಲೆಗೆ ಬಿತ್ತು. ಎರಡನೆಯದು ಮೂಗಿನ ತುದಿಗೆ. ಮೂರನೆಯದನ್ನು ಹೊಡೆಯಲು ಹೋಗಿ ಚಲುವನಾರಾಯಣ ಮೇಷ್ಟ್ರು ತಮ್ಮ ಕೆನ್ನೆಗೆ ತಾವೇ ಬಾರಿಸಿಕೊಂಡ ಏಟು ಎಂಥದ್ದೆಂದರೆ, ಮೂವತ್ತು ವರ್ಷ ಕಂಡವರ ಮಕ್ಕಳ ಕೆನ್ನೆಯ ಮೇಲೆ ಮಾಡಿದ ಅಭ್ಯಾಸವೆಲ್ಲ ಅವತ್ತು ಒಂದೇ ಸಲಕ್ಕೆ ಫಲ ಕೊಟ್ಟಿತು. ಹುಳು ಸತ್ತಿತು. ಸಾಯುವ ಮುಂಚೆ ಮುಳ್ಳು ನೆಟ್ಟೇ ಸತ್ತಿತು. ಆಮೇಲೆ ಬಂದವನ್ನು ಎಣಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ. ಎಣಿಸಿದವರು ಹೆಂಡತಿ ರಂಗನಾಯಕಮ್ಮ. ಅಡಿಗೆಮನೆ ಕಿಟಕಿಯ ಸರಳುಗಳ ಹಿಂದೆ ಸೌಟು ಹಿಡಿದು ನಿಂತು, ಹದಿನೇಳರವರೆಗೂ ತಪ್ಪದೆ ಎಣಿಸಿದರು.

ಅಂಥ ಗಲಾಟೆಯಲ್ಲೂ ಮೇಷ್ಟ್ರು ಕತ್ತಿನಲ್ಲಿ ನೇತಾಡುತ್ತಿದ್ದ ವಿಷಲನ್ನು ಬಾಯಿಗಿಟ್ಟು ಊದಿದರು. ಆ ವಿಷಲಿಗೆ ಹೊಳೆನರಸೀಪುರದ ಐನೂರು ಹುಡುಗರು ಉಸಿರು ಬಿಗಿಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಜೇನು ನಿಲ್ಲಲಿಲ್ಲ. ಉಸಿರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿಕೊಂಡು ಬಂದು ಕೆಳತುಟಿಗೆ ಹೊಡೆಯಿತು. ಮೇಷ್ಟ್ರು ವಿಷಲನ್ನು ಉಗಿದು, ಬಟ್ಟೆ ಒಣಹಾಕುವ ತಂತಿಗೆ ಕುತ್ತಿಗೆ ಸಿಕ್ಕಿಸಿಕೊಂಡು, ಬಿಡಿಸಿಕೊಂಡು, ಕೊನೆಗೆ ಬಟ್ಟೆ ನೆನೆಸಿಟ್ಟ ಬಕೆಟ್ಟಿನೊಳಗೆ ತಲೆ ತೂರಿಸಿದರು. ಸೋಪಿನ ನೀರಿನಲ್ಲಿ ಮುಳುಗಿದ್ದ ತಲೆಗೆ ಹೆಂಡತಿಯ ಮಾತು ಮಂದವಾಗಿ ಕೇಳಿಸಿತು: "ಏನೂಂದ್ರೆ, ಅದರಲ್ಲಿ ನನ್ನ ರೇಷ್ಮೆ ಕುಪ್ಪಸ ಇದೆ. ಹಲ್ಲು ತಾಗಿಸಬೇಡಿ."

ಹದಿನೇಳು ಕಡೆಗೂ ಸುಣ್ಣ ಹಚ್ಚಿದ್ದಾಯಿತು. ಸಂಜೆಯ ಹೊತ್ತಿಗೆ ಮುಖ ಊದಿ, ಒಳಗಿನಿಂದ ಇನ್ನೊಂದು ಮುಖ ಹೊರಬರಲು ಹವಣಿಸುತ್ತಿರುವಂತೆ ಕಾಣುತ್ತಿತ್ತು. ಕಂಬ ಬಿರಿಯುವುದಕ್ಕೆ ಐದು ನಿಮಿಷ ಮುಂಚೆ ನರಸಿಂಹಸ್ವಾಮಿ ಹೀಗೇ ಇದ್ದಿರಬೇಕು ಎಂದು ರಂಗನಾಯಕಮ್ಮನಿಗೆ ಅನ್ನಿಸಿತು. ದೇವರ ವಿಷಯವಾದ್ದರಿಂದ ಬಾಯಿಬಿಟ್ಟು ಹೇಳಲಿಲ್ಲ.

ಕೋಟೆಯ ಒಳಗಿನ ಅರ್ಚಕರ ಮನೆತನದಲ್ಲಿ ಹುಟ್ಟಿ ಡ್ರಿಲ್ ಮೇಷ್ಟ್ರಾದವರಲ್ಲಿ ಚಲುವನಾರಾಯಣರೇ ಮೊದಲಿಗರು, ಪ್ರಾಯಶಃ ಕೊನೆಯವರೂ. ಅಣ್ಣತಮ್ಮಂದಿರು ಗರ್ಭಗುಡಿಯಲ್ಲಿ ಪಿಸುಮಾತಿನಲ್ಲಿ ಮಂತ್ರ ಹೇಳುತ್ತಿದ್ದಾಗ ಇವರು ಮೈದಾನದಲ್ಲಿ ಕೂಗುತ್ತಿದ್ದರು. ಇವರ 'ಸಾವಧಾನ್' ಹೇಮಾವತಿಯ ಸೇತುವೆಯವರೆಗೆ ಕೇಳುತ್ತದೆ ಎಂಬುದು ಅವರ ನಂಬಿಕೆ. ಸೇತುವೆಯ ಹತ್ತಿರ ನಿಂತು ಯಾರೂ ಪರೀಕ್ಷೆ ಮಾಡಿರಲಿಲ್ಲ, ಹಾಗಾಗಿ ನಂಬಿಕೆ ಗಟ್ಟಿಯಾಗಿಯೇ ಉಳಿದಿತ್ತು. ಭೂಮಿಯ ಮೇಲಿನ ಯಾವ ಗುಂಪನ್ನಾದರೂ ಒಂದು ವಿಷಲು, ಒಂದು ಗದರಿಕೆ, ತಪ್ಪಿದರೆ ಒಂದು ಏಟು, ಈ ಮೂರರಲ್ಲಿ ಸಾಲಿಗೆ ತರಬಹುದು ಎಂಬುದು ಅವರ ಜೀವನದ ಸಾರ.

ಆದರೆ ಸಾಲಿಗೆ ಬಂದದ್ದು ಹುಡುಗರು ಮಾತ್ರ. ಮನೆಯಲ್ಲಿ ಅವರು ಸಾಕಿದ್ದೆಲ್ಲ ಸತ್ತಿತು. ಗುಲಾಬಿಗೆ ಗೊಬ್ಬರ ಹಾಕಿ ಹಾಕಿ ಬೇರು ಸುಟ್ಟರು. ಗಾಜಿನ ತೊಟ್ಟಿಯ ಮೀನುಗಳಿಗೆ ವ್ಯಾಯಾಮ ಸಾಲದು ಎಂದು ದಿನಾ ಬೆಳಿಗ್ಗೆ ಕೋಲಿನಿಂದ ನೀರು ಕಲಕಿದರು. ಎಂಟನೇ ದಿನ ಎಲ್ಲವೂ ಹೊಟ್ಟೆ ಮೇಲೆ ಮಾಡಿ ವಿಶ್ರಾಂತಿಗೆ ಹೋದವು. ಜೋಡಿ ಹಕ್ಕಿಗಳನ್ನು ಬೆಕ್ಕು ತಿಂದಿತು. ಆ ಬೆಕ್ಕನ್ನೇ ಸಾಕಿಕೊಳ್ಳಲು ಹೋದರೆ ಅದು ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿ ಓಡಿಹೋಯಿತು. "ನಿಮ್ಮ ಕೈಯಲ್ಲಿ ಬದುಕಿ ಉಳಿದವಳು ನಾನೊಬ್ಬಳೇ," ಎಂದು ರಂಗನಾಯಕಮ್ಮ ಆಗಾಗ ಹೇಳುತ್ತಿದ್ದರು. ಮೇಷ್ಟ್ರು ಇದನ್ನು ಹೊಗಳಿಕೆ ಎಂದು ತಿಳಿದಿದ್ದರು. ಆದರೆ ರಾತ್ರಿ ಮಲಗಿದಾಗ ಕೆಲವು ಸಲ ಆ ಮಾತು ಬಂದು ಎದೆಯ ಮೇಲೆ ಕೂರುತ್ತಿತ್ತು. ಐವತ್ತಾರು ವರ್ಷದ ಮನುಷ್ಯ ತನ್ನ ಕೈಯಿಂದ ಒಂದನ್ನಾದರೂ ಬದುಕಿಸಬೇಡವೆ?

ಜೇನು ಅವರ ಕಣ್ಣಿಗೆ ಬಿದ್ದದ್ದು ಇದೇ ಕಾರಣಕ್ಕೆ. ಶಿಸ್ತಿನ ಜಾತಿ. ಸಾಲಾಗಿ ಹೋಗುತ್ತದೆ, ಸಾಲಾಗಿ ಬರುತ್ತದೆ. ಒಂದು ದಿನದ ತರಬೇತಿಗೆ ಹೋಗಿ, ಹೇಳಿಕೊಡುವವರಿಗೆ ತಾವೇ ಅರ್ಧ ಗಂಟೆ ಹೇಳಿಕೊಟ್ಟು, ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿದರು. ಫ್ರೇಮು ಗೋಡೆಗೆ ಏರಿದ ಮೇಲೆ ಜೇನಿಗಾಗಿ ಹುಡುಕತೊಡಗಿದರು.

ಕೊಟ್ಟವರು ಹಳ್ಳಿಮೈಸೂರಿನ ಕಡೆಯ ರೇವಮ್ಮ. ತೆಂಗಿನ ತೋಟದಲ್ಲಿ ಹನ್ನೆರಡು ಪೆಟ್ಟಿಗೆ ತುಡುವೆ ಜೇನು ಸಾಕಿದ್ದ ಹೆಂಗಸು. ಒಂದು ಪೆಟ್ಟಿಗೆಯ ಹುಳುಗಳೆಲ್ಲ ಸೇರಿ ಒಂದು 'ಕುಟುಂಬ' ಎಂದು ಲೆಕ್ಕ. ಅವರು ಆ ಮಾತನ್ನು ತಮ್ಮ ನೆಂಟರ ಬಗ್ಗೆ ಆಡುವಷ್ಟೇ ಗಂಭೀರವಾಗಿ ಆಡುತ್ತಿದ್ದರು. ಕುಟುಂಬ ಕೊಡುವಾಗಲೇ ಕರಾರು ಹಾಕಿದ್ದರು:

"ನೋಡಿ ಮೇಷ್ಟ್ರೇ, ಒಳ್ಳೇ ರಾಣಿ ಇರೋ ಕುಟುಂಬ ಕೊಡ್ತಾ ಇವ್ನಿ. ಉಳುಸ್ಕಂಡ್ರೆ ನಿಮ್ದು. ಸಾಯ್ಸುದ್ರೆ ಪೆಟ್ಗೆ ತಂದ್ ಇಲ್ ಮಡಗ್ಬುಟ್ಟು ಓಗಿ. ಇನ್ನೊಂದ್ ಕೊಡಿ ಅಂತ ನಮ್ ತ್ವಾಟದ್ ತಾವ ಬರ್ಬೇಡಿ."

ಹದಿನೇಳು ಏಟು ತಿಂದ ಮರುದಿನ ಮೇಷ್ಟ್ರು ಅದೇ ತೋಟಕ್ಕೆ ಸ್ಕೂಟರಿನಲ್ಲಿ ಹೋದರು. ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ರೇವಮ್ಮ ಅವರನ್ನು ಕಂಡವರೇ ಸೆರಗು ಬಾಯಿಗೆ ಅಡ್ಡ ಹಿಡಿದರು.

"ಅಯ್ಯೋ ಸಾ! ಮಕ ಎಲ್ ಬುಟ್ ಬಂದ್ರಿ?"

"ನಿಮ್ಮ ಜೇನು ರೌಡಿ ಜೇನು ಕಣಮ್ಮ. ಶಿಸ್ತಿಲ್ಲ."

"ಪೆಟ್ಗೆ ತೆಗ್ಯೋ ಮುಂಚೆ ಏನ್ ತಿಂದಿದ್ರಿ?"

"ಎರಡು ಬಾಳೆಹಣ್ಣು."

"ಒಂದು ಉಳ ಕಚ್ತು ಅಂದ್ರೆ ಬಾಳೆಅಣ್ಣಿನ್ ವಾಸ್ನೆ ಬತ್ತದೆ ಸಾ. ಆ ವಾಸ್ನೆ ಬಂದ್ರೆ ಮಿಕ್ಕವೆಲ್ಲ 'ಹೊಡೀರಿ' ಅಂತ ಎದ್ ಬತ್ತವೆ. ನೀವು ಬಾಯಲ್ಲೇ ಅಪ್ಪಣೆ ಮಡಿಕಂಡ್ ಓಗಿದ್ದೀರಿ. ಬಟ್ಟೆ?"

"ಟ್ರ್ಯಾಕ್ ಸೂಟು. ಕಡುನೀಲಿ."

"ಕರಡಿ ಅನ್ಕತ್ತವೆ. ಮೈಗೇನಾರ ಅಚ್ಕಂಡಿದ್ರಾ?"

"ಮಂಡಿನೋವಿಗೆ ಸ್ಪ್ರೇ ಹೊಡೆದಿದ್ದೆ."

"ಬಾಯ್ಗೆ?"

ಮೇಷ್ಟ್ರು ಕತ್ತಿನ ದಾರವನ್ನು ಅಂಗಿಯೊಳಗೆ ತೂರಿಸುತ್ತಾ, "ವಿಷಲು," ಅಂದರು.

"ಇನ್ನೇನ್ ಸಾ," ಅಂದರು ರೇವಮ್ಮ, "ವಾಲಗದೋರು ಒಬ್ರು ಬರಾದ್ ಬಾಕಿ ಇತ್ತು."

ಆಮೇಲೆ ನಗು ನಿಲ್ಲಿಸಿ ಔಷಧಿ ಹೇಳಿದರು. ಪೆಟ್ಟಿಗೆಗೆ ಕೈ ಹಾಕಕೂಡದು. ದಿನಾ ಸಂಜೆ ಅರ್ಧ ಗಂಟೆ, ಮೂರಡಿ ದೂರದಲ್ಲಿ, ಪಕ್ಕಕ್ಕೆ ಸರಿದು ಸುಮ್ಮನೆ ಕೂರಬೇಕು.

"ಸುಮ್ಮನೆ ಅಂದರೆ? ಕೂತು ಏನು ಮಾಡಬೇಕು?"

"ಸುಮ್ನೆ ಅಂದ್ರೆ ಸುಮ್ನೆ ಸಾ. ನೀವ್ ಬಂದಿರಾದು ಅವ್ಕೆ ತಿಳೀಬಾರ್ದು. ಅವು ಏನ್ ಮಾಡ್ತವೆ ಅನ್ನಾದು ನಿಮ್ಗೆ ತಿಳೀಬೇಕು. ಮ್ಯಾಲೆ ಕುಂತ್ರೆ ಕೂತ್ಕಳ್ಳಿ ಅಂತ ಬುಡಿ. ಕಚ್ಚುದ್ರೆ ಉಗ್ರಲ್ಲಿ ಮುಳ್ ಕೆರ್ದಾಕಿ, ಒಡೀಬೇಡಿ. ಒಂದ್ ಒಡುದ್ರೆ ಅತ್ತು ಬತ್ತವೆ."

ಚಲುವನಾರಾಯಣ ಮೇಷ್ಟ್ರ ಮಟ್ಟಿಗೆ ಹದಿನೇಳು ಮುಳ್ಳಿಗಿಂತ ಈ ಅರ್ಧ ಗಂಟೆ ಘೋರವಾಗಿತ್ತು. ನುಗ್ಗೆಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಕೈ ಹೊರಗಿದ್ದರೆ ತಾನಾಗಿಯೇ ಏಳುತ್ತಿತ್ತು. ಮೊದಲ ವಾರ ಒಂದೊಂದು ಹುಳು ಸುತ್ತ ಗುಂಯ್‌ಗುಟ್ಟಿದಾಗಲೂ ಬೆನ್ನಿನಲ್ಲಿ ಬೆವರು ಇಳಿಯಿತು. ಎರಡನೇ ವಾರ ಒಂದು ಬಂದು ಮಣಿಕಟ್ಟಿನ ಮೇಲೆ ಕೂತು, ಬೆವರು ನೆಕ್ಕಿ, ಕಾಲು ಒರೆಸಿಕೊಂಡು ಹೋಯಿತು. ಮೇಷ್ಟ್ರು ಆ ಮಣಿಕಟ್ಟನ್ನು ಹೆಂಡತಿಗೆ ತೋರಿಸಿದರು. ತೋರಿಸಲು ಅಲ್ಲಿ ಏನೂ ಇರಲಿಲ್ಲ. "ನೋಡು, ಕಚ್ಚಲಿಲ್ಲ," ಅಂದರು.

ಸುಮ್ಮನೆ ಕೂತಾಗಲೇ ಗೊತ್ತಾದದ್ದು, ಪೆಟ್ಟಿಗೆಯ ಆ ಗೇಣಗಲದ ಬಾಗಿಲಿನಲ್ಲಿ ನಡೆಯುತ್ತಿದ್ದದ್ದು ಕವಾಯತಲ್ಲ, ಕೊಲೆ. ಒಳಗೆ ಸತ್ತವರನ್ನು ದಿನಾ ಕಾಲು ಹಿಡಿದು ಎಳೆದುಕೊಂಡು ಬಂದು ಹೊರಗೆಸೆಯುತ್ತಿದ್ದವು. ಪೆಟ್ಟಿಗೆಯ ಕಾಲಿನ ಕೆಳಗಿನ ನೀರಿನ ಬಟ್ಟಲು ಒಣಗಿದ ದಿನ ಇರುವೆ ಹತ್ತಿತು. ಅವತ್ತು ಇರುವೆಯ ತಲೆಗಳು ಮರಳಿನ ಹಾಗೆ ಉದುರಿದವು. ಹೊಂಗೆಯ ಹೂ ಮುಗಿದು ಹೊರಗೆ ತಿನ್ನಲು ಏನೂ ಸಿಗದಾದಾಗ ಗಂಡು ಹುಳುಗಳ ಸರದಿ ಬಂತು. ದಪ್ಪ ಮೈ, ದೊಡ್ಡ ಕಣ್ಣು, ಮುಳ್ಳೂ ಇಲ್ಲ, ಕೆಲಸವೂ ಇಲ್ಲ. ಕೆಲಸದ ಹೆಣ್ಣುಗಳು ಎರಡೆರಡು ಸೇರಿ ಒಂದೊಂದನ್ನು ಹಿಡಿದು, ರೆಕ್ಕೆಯ ಬುಡ ಕಚ್ಚಿ, ದರದರ ಎಳೆದು ಅಂಚಿನಿಂದ ಕೆಳಕ್ಕೆ ತಳ್ಳಿದವು. ತೆವಳಿಕೊಂಡು ಮತ್ತೆ ಬಂದದ್ದನ್ನು ಮತ್ತೆ ತಳ್ಳಿದವು. ಕಿಟಕಿಯಿಂದ ನೋಡುತ್ತಿದ್ದ ರಂಗನಾಯಕಮ್ಮ, "ಯಾಕಂತೆ?" ಎಂದು ಕೇಳಿದರು.

"ತಿಂದು ಕೂರುವ ಗಂಡಸರನ್ನು ಹೊರಗೆ ಹಾಕುತ್ತವಂತೆ."

"ಒಳ್ಳೆ ಪದ್ಧತಿ," ಎಂದು ಕಿಟಕಿ ಹಾಕಿಕೊಂಡರು.

ಒಂದು ಸಂಜೆ ಕಣಜ ಬಂತು. ಹೆಬ್ಬೆರಳಿನ ಅರ್ಧದಷ್ಟಿದ್ದ ಕೆಂಪು ಕಣಜ, ಬಾಗಿಲ ಮುಂದೆ ಗಾಳಿಯಲ್ಲಿ ನಿಂತು, ಹೊರಗಿನಿಂದ ಬಂದ ಒಂದು ಹುಳುವನ್ನು ಹಿಡಿದು, ತಲೆ ಕತ್ತರಿಸಿ ಬಿಸಾಕಿ, ಮಿಕ್ಕಿದ್ದನ್ನು ಹೊತ್ತುಕೊಂಡು ಹೋಯಿತು. ಮತ್ತೆ ಬಂತು. ಮೇಷ್ಟ್ರು ಒಳಗೆ ಓಡಿ ಸೊಳ್ಳೆ ಹೊಡೆಯುವ ಕರೆಂಟಿನ ಬ್ಯಾಟು ತಂದರು. ಒಂದು ಕಾಲದ ತಾಲ್ಲೂಕು ಮಟ್ಟದ ಶಟಲ್ ಆಟಗಾರರು ಅವರು. ಆದರೆ ಬ್ಯಾಟು ಎತ್ತುವ ಮುಂಚೆಯೇ ಕಣಜ ದುರಾಸೆಯಿಂದ ಬಾಗಿಲ ಮೇಲೇ ಇಳಿಯಿತು. ಅಷ್ಟೆ. ಐವತ್ತು ಅರವತ್ತು ಹುಳುಗಳು ಒಂದೇ ಉಸಿರಿಗೆ ಅದರ ಮೇಲೆ ಬಿದ್ದು ನಿಂಬೆಹಣ್ಣಿನ ಗಾತ್ರದ ಉಂಡೆಯಾದವು. ಒಂದೂ ಕಚ್ಚಲಿಲ್ಲ. ಮೈ ನಡುಗಿಸಿ ನಡುಗಿಸಿ ಕಾವು ಎಬ್ಬಿಸಿದವು, ಅಷ್ಟೇ. ಹದಿನೈದು ಇಪ್ಪತ್ತು ನಿಮಿಷದ ಮೇಲೆ ಉಂಡೆ ಬಿಚ್ಚಿಕೊಂಡಾಗ ಒಳಗೆ ಕಣಜ ಬೆಂದುಹೋಗಿತ್ತು.

ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಶಾಲೆಗೆ ರಜೆ ಕೊಡುವ ಮುಂಚಿನ ಕೊನೆಯ ಪ್ರಾರ್ಥನಾ ಸಭೆಯಲ್ಲಿ ಇದನ್ನೇ ಮುಕ್ಕಾಲು ಗಂಟೆ ಹೇಳಿದರು. 'ಜೇನು' ಎಂದು ಶುರುವಾದ ಭಾಷಣ ಅರ್ಧಕ್ಕೆ 'ನನ್ನ ಜೇನು' ಆಯಿತು, ಕೊನೆಯಲ್ಲಿ 'ನಾನು ತಯಾರು ಮಾಡಿದ ಜೇನು' ಆಯಿತು. ಬಿಸಿಲಿಗೆ ಇಬ್ಬರು ಹುಡುಗರು ಬಿದ್ದರು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನರಸಿಂಹ ಜಯಂತಿ ಬಂತು.

ಬೇಸಿಗೆಯಲ್ಲಿ ಕುಟುಂಬಕ್ಕೆ ಹೊಟ್ಟೆಗೆ ಸಾಲದಿದ್ದರೆ ಏನು ಕೊಡಬೇಕೆಂದು ರೇವಮ್ಮ ಸ್ಪಷ್ಟವಾಗಿ ಹೇಳಿದ್ದರು: "ಸಕ್ರೆ ನೀರು. ಒಂದೇ ಲೋಟ. ಕತ್ಲಾದ್ ಮ್ಯಾಲೆ, ಪೆಟ್ಗೆ ವಳಗೇ ಮಡಗ್ಬೇಕು. ಒಂದ್ ತೊಟ್ಟೂ ಆಚೆ ಚೆಲ್ಬಾರ್ದು." ಮೇಷ್ಟ್ರು ತಲೆಯಾಡಿಸಿದ್ದರು. ಆದರೆ ಜಯಂತಿಯ ಮರುದಿನ ಬೆಳಿಗ್ಗೆ ಅವರ ಮನೆಯಲ್ಲಿ ಒಂದು ದೊಡ್ಡ ತಪ್ಪಲೆ ಪಾನಕ ಮಿಕ್ಕಿತ್ತು. ಬೆಲ್ಲ, ಮೆಣಸು, ಶುಂಠಿ, ಏಲಕ್ಕಿ, ಒಂದು ಚೂರು ಪಚ್ಚಕರ್ಪೂರ. ದೇವರಿಗೆ ನೈವೇದ್ಯವಾದದ್ದು, ಚರಂಡಿಗೆ ಸುರಿಯುವ ಹಾಗಿಲ್ಲ, ತುಳಿಯುವ ಕಡೆ ಚೆಲ್ಲುವ ಹಾಗಿಲ್ಲ. ಬೀದಿಯ ಪ್ರತಿಮನೆಯಲ್ಲೂ ಅಂಥದೇ ತಪ್ಪಲೆ ಇದ್ದುದರಿಂದ ಯಾರಿಗೂ ಕೊಡುವ ಹಾಗೂ ಇರಲಿಲ್ಲ. ಪ್ರತಿವರ್ಷ ಅದು ತೆಂಗಿನ ಬುಡಕ್ಕೆ ಹೋಗುತ್ತಿತ್ತು.

ಆಗ ಮೇಷ್ಟ್ರಿಗೆ ಹೊಳೆಯಿತು. ದೇವರ ಪ್ರಸಾದ ಇಷ್ಟಿರುವಾಗ ಪಾಪದ ಜೀವಗಳಿಗೆ ಅಂಗಡಿಯ ಬಿಳಿ ಸಕ್ಕರೆ ಯಾಕೆ?

ಜಯಂತಿಯ ಉಪವಾಸದ ಪಾರಣೆ ಮುಗಿಸಿ, ಮಡಿಪಂಚೆಯಲ್ಲೇ ಹಿತ್ತಿಲಿಗೆ ಬಂದು, ಪೆಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ ಅಗಲವಾದ ಹಿತ್ತಾಳೆ ಹರಿವಾಣ ಇಟ್ಟು ಪಾನಕ ಸುರಿದರು. ಹುಳು ಮುಳುಗಬಾರದೆಂದು ಬಾಳೆಲೆಯ ಸೀಳುಗಳನ್ನು ತೇಲಿಬಿಟ್ಟರು. ಬೆಳಗಿನ ಹತ್ತು ಗಂಟೆ. ಐದು ನಿಮಿಷದಲ್ಲಿ ಹುಳುಗಳು ಸಾಲುಗಟ್ಟಿ ಇಳಿದು ಕುಡಿಯತೊಡಗಿದವು. ಮೇಷ್ಟ್ರು ಕೈಕಟ್ಟಿ ನಿಂತರು. ಪಂಕ್ತಿ ವಿಚಾರಿಸುವ ಯಜಮಾನನ ಗತ್ತು.

ಏಲಕ್ಕಿಯ ವಾಸನೆ ಕೋಟೆಯ ಹಳೇ ಗೋಡೆಯವರೆಗೂ ಹೋಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಆ ಗೋಡೆಯ ಬಿರುಕಿನಲ್ಲಿ ಯಾರೂ ಸಾಕದ, ಯಾರಿಗೂ ಹೆದರದ, ಬೇಸಿಗೆಯಿಡೀ ಹಸಿದ ಇನ್ನೊಂದು ಕುಟುಂಬ ಇತ್ತು.

ಅರ್ಧ ಗಂಟೆಯಲ್ಲಿ ಹರಿವಾಣ ಬರಿದಾಯಿತು. ಬಂದ ನೆಂಟರು ಹೋಗಲಿಲ್ಲ. ಇಷ್ಟು ಹೊರಗಿಟ್ಟವರ ಮನೆಯೊಳಗೆ ಇನ್ನೆಷ್ಟಿರಬೇಡ ಎಂದು ಬಾಗಿಲಿಗೇ ನುಗ್ಗಿದವು. ಕಾವಲಿನ ಹುಳುಗಳು ಅಡ್ಡ ಬಂದವು. ಆಮೇಲೆ ನಡೆದದ್ದನ್ನು ಯುದ್ಧ ಎನ್ನುವ ಹಾಗೂ ಇಲ್ಲ. ಜೋಡಿ ಜೋಡಿಯಾಗಿ ಕಚ್ಚಿಕೊಂಡು, ಉರುಳಿ, ಕಲ್ಲಿನ ಮೇಲೆ ಬಿದ್ದು, ಗಿರಿಗಿರಿ ತಿರುಗಿ ಸತ್ತವು. ರೆಕ್ಕೆ ಹರಿದವು ನಡೆದುಕೊಂಡೇ ಬಾಗಿಲಿಗೆ ವಾಪಸು ಹೊರಟವು. ಒಂದಕ್ಕೆ ಹಿಂದಿನ ಅರ್ಧ ಮೈ ಇರಲಿಲ್ಲ. ಅದು ಎದುರಾಳಿಯ ಕಾಲು ಬಿಟ್ಟಿರಲಿಲ್ಲ. ಪೆಟ್ಟಿಗೆಯ ಒಳಗಿನಿಂದ ಬಂದ ಸದ್ದು ಗುಂಯ್‌ಗುಡುವುದಲ್ಲ, ದೂರದಲ್ಲಿ ಬಸ್ಸು ಏರು ಹತ್ತುವ ಸದ್ದು.

"ರಂಗೂ! ಬ್ಯಾಟು!"

ಬ್ಯಾಟು ಕಿಟಕಿಯಿಂದ ಬಂತು. ಮೇಷ್ಟ್ರು ಬಾಗಿಲ ಮುಂದೆ ಕಾಲು ಅಗಲಿಸಿ ನಿಂತು ಸ್ಮ್ಯಾಷ್ ಹೊಡೆದರು. ಚಟಪಟ ಸದ್ದು, ನೀಲಿ ಕಿಡಿ, ಸುಟ್ಟ ಕೂದಲಿನ ವಾಸನೆ. "ಬಾ! ಬಾ ಕಳ್ಳ!" ಬಲಕ್ಕೆ ಒಂದು, ಎಡಕ್ಕೆ ಒಂದು, ನೆತ್ತಿಯ ಮೇಲೆ ಒಂದು. ಕತ್ತಿಗೆ ಎರಡು ಮುಳ್ಳು ಬಿದ್ದದ್ದೂ ಗೊತ್ತಾಗಲಿಲ್ಲ. ಇಪ್ಪತ್ತು ವರ್ಷದಿಂದ ಅವರು ಹೀಗೆ ಆಡಿರಲಿಲ್ಲ.

ಅಷ್ಟರಲ್ಲಿ ರಂಗನಾಯಕಮ್ಮ ರೇವಮ್ಮನಿಗೆ ಫೋನು ಹಚ್ಚಿ, ಸ್ಪೀಕರು ಹಾಕಿ, ಕಿಟಕಿಯ ಸರಳಿನ ಆಚೆಗೆ ಹಿಡಿದರು. ಹಿತ್ತಿಲ ತುಂಬ ರೇವಮ್ಮನ ಗಂಟಲು ಕೇಳಿತು.

"ಏನ್ ಮಾಡ್ತಾವ್ರೆ ಮೇಷ್ಟ್ರು?"

"ಬ್ಯಾಟಿನಲ್ಲಿ ಹೊಡೀತಿದ್ದಾರೆ ಕಣ್ರೀ."

"ಅಯ್ಯಯ್ಯೋ! ಬಿಸಾಕಕ್ಕೇಳ್ರವ್ವ ಅದ! ಯಾವ್ದು ಕಳ್ಳ, ಯಾವ್ದು ಮನೇದು ಅಂತ ಆರಾಡೋವಾಗ ಗೊತ್ತಾದಾ? ಸಾ, ಬಗ್ಗಿ ನೋಡಿ. ಸತ್ತಿರೋವುದ್ರ ಇಂದ್ಗಡೆ ಕಾಲ್ ನೋಡಿ. ಅಳ್ದಿ ಉಂಡೆ ಅದಾ?"

ಮೇಷ್ಟ್ರು ಬಗ್ಗಿ ನೋಡಿದರು. ಬ್ಯಾಟಿನ ತಂತಿಯಲ್ಲಿ ಸಿಕ್ಕಿ ಕರಕಲಾಗಿದ್ದ ಐದಾರು ಹುಳುಗಳ ಹಿಂಗಾಲಿನಲ್ಲಿ ಸಾಸಿವೆಯಷ್ಟು ಹಳದಿ ಉಂಡೆ ಅಂಟಿಕೊಂಡಿತ್ತು. ನುಗ್ಗೆಯ ಪಕ್ಕದ ಮೆಕ್ಕೆಜೋಳದ ಹೂವಿನ ಪುಡಿ.

"ಇದೆ," ಅಂದರು.

"ಕದ್ಯಕ್ ಬರೋವು ಕಾಲ್ಗೆ ಊವಿನ್ ಪುಡಿ ಕಟ್ಕಂಡ್ ಬರಕಿಲ್ಲ ಸಾ. ಅವು ನಿಮ್ಮವು. ಮಕ್ಳಿಗೆ ಊಟ ಒತ್ಕಂಡ್ ಮನ್ಗೆ ಬತ್ತಾ ಇದ್ವು."

ಬ್ಯಾಟು ಕೈಯಿಂದ ಜಾರಿ ಬಿತ್ತು. ಗುಲಾಬಿ, ಮೀನು, ಹಕ್ಕಿ. ಆ ಸಾಲಿನ ಕೊನೆಗೆ ಈಗ ಇದು. ಅದೂ ಈ ಸಲ ಬೆಕ್ಕಿನ ತಲೆಗೆ ಕಟ್ಟುವ ಹಾಗಿರಲಿಲ್ಲ.

"ನಿಂತ್ಕಂಡ್ ಅಳ್ಬೇಡಿ!" ಎಂದು ಫೋನು ಗದರಿತು. ಕಾಣದೆಯೇ ಹೇಗೆ ಗೊತ್ತಾಯಿತೋ. "ಮೊದ್ಲು ಆ ತಟ್ಟೇನ ನೀರೊಳಗ್ ಮುಳುಗ್ಸಿ. ಬಾಗ್ಲಿಗೆ ಉಲ್ ತುರ್ಕಿ, ಒಂದೇ ಒಂದ್ ಉಳ ತೂರೋ ಅಷ್ಟ್ ಸಂದಿ ಬುಡಿ. ಒಬ್ಬೊಬ್ರೇ ಬರಂಗಾದ್ರೆ ನಿಮ್ಮವು ತಡೀತವೆ. ಆಮ್ಯಾಲೆ ಒದ್ದೆ ಬಟ್ಟೆ ಒಚ್ಚಿ ಪೆಟ್ಗೆ ಪೂರಾ. ನಿದಾನಕ್ಕೆ ಸಾ! ಒಂದನ್ನೂ ಒಡೀಬೇಡಿ!"

ಹರಿವಾಣ ನೀರಿನ ಬಾನಿಯಲ್ಲಿ ಮುಳುಗಿತು. ಮೇಷ್ಟ್ರು ಗರಿಕೆ ಕಿತ್ತುಕೊಂಡು ಬಾಗಿಲ ಮುಂದೆ ಮಂಡಿಯೂರಿದರು. ಸಾವಿರ ಹುಳು ಬಡಿದಾಡುತ್ತಿದ್ದ ಜಾಗಕ್ಕೆ ಬರಿಗೈ ಹಾಕಬೇಕಿತ್ತು. ಕೈ ಹಾಕಿದರು. ಹೆಬ್ಬೆರಳಿಗೆ ಒಂದು ಬಿತ್ತು. ಉಗುರಿನ ಸಂದಿಗೆ ಒಂದು. ರೆಪ್ಪೆಯ ಮೇಲೆ ಒಂದು ಬಿದ್ದಾಗ ಇನ್ನೊಂದು ಕೈ ಏಟಿಗೆ ಎದ್ದಿತು. ಎದ್ದ ಕೈಯನ್ನು ಅವರು ಮೆಲ್ಲಗೆ ಕೆಳಗಿಳಿಸಿದ್ದನ್ನು ರಂಗನಾಯಕಮ್ಮ ಕಿಟಕಿಯಿಂದ ಕಂಡರು. ಅಷ್ಟು ವರ್ಷದ ಸಂಸಾರದಲ್ಲಿ ಎದ್ದ ಆ ಕೈ ಯಾವುದರ ಮೇಲೂ ಬೀಳದೆ ಇಳಿದದ್ದನ್ನು ಅವರು ನೋಡಿದ್ದು ಅದೇ ಮೊದಲು. ಗರಿಕೆ ಒಂದೊಂದೇ ಎಳೆ ಒಳಗೆ ಹೋಯಿತು. ಬಾಗಿಲು ಕಡಲೆಕಾಳಿನಷ್ಟಾಯಿತು.

"ಒದ್ದೆ ಬಟ್ಟೆ, ರಂಗೂ!"

"ಮಡಿ ಗಳುವಿನ ಮೇಲಿರೋದು ಬಿಟ್ಟರೆ ಎಲ್ಲಾ ಇಸ್ತ್ರಿಗೆ ಹೋಗಿದೆ!"

ಕೋಲು ಹುಡುಕಿ ಗಳುವಿನಿಂದ ಬಟ್ಟೆ ಇಳಿಸುವಷ್ಟು ಹೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಮೇಷ್ಟ್ರು ಎದ್ದು ನಿಂತು, ಉಟ್ಟಿದ್ದ ಮಡಿಪಂಚೆಯನ್ನೇ ಬಿಚ್ಚಿ, ಬಾನಿಯಲ್ಲಿ ಅದ್ದಿ, ಪೆಟ್ಟಿಗೆಯ ಮೇಲೆ ನೆಲ ಮುಟ್ಟುವ ಹಾಗೆ ಇಳಿಬಿಟ್ಟರು. ಒಳಗೆ ನೀಲಿ ಬಣ್ಣದ, ಪಕ್ಕದಲ್ಲಿ ಎರಡು ಬಿಳಿ ಪಟ್ಟಿಯಿದ್ದ, ಆಟದ ಚಡ್ಡಿ ಇತ್ತು.

ಕಿಟಕಿಯಲ್ಲಿ ಫೋನು ಹಿಡಿದಿದ್ದ ಕೈ ಕೆಳಗಿಳಿಯಿತು. ಆಮೇಲೆ, "ಮಡಿಯ ಒಳಗೆ ಅದಾ? ಎಷ್ಟು ವರ್ಷದಿಂದ?" ಎಂಬ ಧ್ವನಿ ಬಂತು.

"ಏನಾಯ್ತ್ರವ್ವ? ಏನಾಯ್ತು? ಗಾಬ್ರಿ ಮಾಡ್ಬೇಡಿ!" ಎಂದು ಫೋನು ಕೂಗುತ್ತಿತ್ತು.

ಒದ್ದೆ ಬಟ್ಟೆಯ ಮೇಲೆ ಕಳ್ಳ ಹುಳುಗಳು ದಾರಿ ಕಾಣದೆ ಸುತ್ತಿದವು. ಮೇಷ್ಟ್ರು ಚೊಂಬಿನಲ್ಲಿ ನೀರು ಎರಚುತ್ತಾ, ಚಡ್ಡಿಯಲ್ಲಿ, ಮಧ್ಯಾಹ್ನದವರೆಗೆ ಮಳೆಯಾಗಿ ನಿಂತರು. ಎರಡು ಗಂಟೆಯ ಹೊತ್ತಿಗೆ ಸದ್ದು ಅಡಗಿತು. ಕಲ್ಲಿನ ಸುತ್ತ ಗುಡಿಸಿದರೆ ಎರಡು ಮೊರದಷ್ಟು ಹೆಣ ಬಂತು. ತೆಂಗಿನ ಬುಡದಲ್ಲಿ ಗುಂಡಿ ತೋಡಿ ಹಾಕಿದರು. ಪಾನಕ ಮೊದಲೇ ಅಲ್ಲಿಗೆ ಹೋಗಿದ್ದರೆ ಆಗುತ್ತಿತ್ತು.

ಮೂರು ಗಂಟೆಗೆ ರೇವಮ್ಮ ಮೊಪೆಡ್ಡಿನಲ್ಲಿ ಬಂದರು. ಪಂಚೆಯನ್ನು ನೋಡಿದರು, ಗರಿಕೆಯನ್ನು ನೋಡಿದರು, ಮೇಷ್ಟ್ರ ಕೈಯ ಮೇಲಿನ ಸುಣ್ಣದ ಬೊಟ್ಟುಗಳನ್ನು ನೋಡಿದರು. ಬೈಯಲು ಎಂದೇ ಹದಿನಾಲ್ಕು ಮೈಲಿ ಬಂದ ಹೆಂಗಸು, ಮಿಕ್ಕಿದ್ದ ಪಾನಕವನ್ನು ಒಂದು ಲೋಟ ಕುಡಿದು, "ಮೆಣ್ಸು ಜಾಸ್ತಿ," ಅಂದರು, ಅಷ್ಟೆ.

"ತೆಗೆದು ನೋಡಿ ರೇವಮ್ಮ. ರಾಣಿ ಇದೆಯಾ ಇಲ್ಲವಾ ಒಂದು ಹೇಳಿಬಿಡಿ," ಅಂದರು ಮೇಷ್ಟ್ರು. ಧ್ವನಿ ಬಾಗಿಲವರೆಗೂ ಕೇಳಿಸುತ್ತಿರಲಿಲ್ಲ.

"ನಾನ್ ತೆಗ್ಯಕಿಲ್ಲ ಸಾ. ಈಗ್ ತೆಗುದ್ರೆ ಉಳ್ದಿರೋವೂ ಸಾಯ್ತವೆ. ಐದ್ ದಿನ ಬುಟ್ಟು ನೀವೇ ತೆಗ್ದು ನೋಡಿ. ರಾಣಿ ಇದ್ರೆ ಕುಟುಂಬ ಉಳ್ಕಂತು, ನಿಮ್ದೇ. ಇಲ್ದೋದ್ರೆ ಪೆಟ್ಗೆ ತಂದ್ ಮಡಗ್ಬುಡಿ. ಮಾತಂದ್ರೆ ಮಾತು."

ಐದು ದಿನ ಮೇಷ್ಟ್ರು ಕುರ್ಚಿ ಬಿಟ್ಟು ಏಳಲಿಲ್ಲ. ಒಂದು ಗಂಟೆಗೆ ಎಷ್ಟು ಹುಳು ಹೋದವು, ಎಷ್ಟು ಬಂದವು ಎಂದು ಲೆಕ್ಕ ಹಾಕಲೂ ಇಲ್ಲ. ಕಾಲಿನಲ್ಲಿ ಹಳದಿ ಉಂಡೆ ಇದೆಯೇ ಎಂದಷ್ಟೇ ನೋಡಿದರು. ಒಂದೊಂದರಲ್ಲಿ ಇತ್ತು.

ಆರನೆಯ ದಿನ ಬೆಳಿಗ್ಗೆ ಬಾಳೆಹಣ್ಣು ತಿನ್ನಲಿಲ್ಲ. ಸ್ಪ್ರೇ ಹೊಡೆಯಲಿಲ್ಲ. ತಣ್ಣೀರು ಹುಯ್ದುಕೊಂಡು, ಬಿಳಿ ಅಂಗಿ ಹಾಕಿಕೊಂಡು, ವಿಷಲನ್ನು ಗೋಡೆಯ ಸರ್ಟಿಫಿಕೇಟಿನ ಮೊಳೆಗೆ ನೇತುಹಾಕಿ ಬಂದರು. ಮುಖಕ್ಕೆ ಹಾಕುವ ಬಲೆಯನ್ನು ಅವರು ಕೊಂಡೇ ಇರಲಿಲ್ಲ. ಮುಚ್ಚಳ ತೆಗೆದರು. ಒಂದು ಹುಳು ಎದ್ದು ಕೈಗೆ ಕಚ್ಚಿತು. ಉಗುರಿನಲ್ಲಿ ಮುಳ್ಳು ಕೆರೆದು ಹಾಕಿ ಮುಂದಿನ ಕೆಲಸ ನೋಡಿದರು.

ಒಳಗೆ ಸಾಲಾಗಿ ನೇತುಬಿಟ್ಟ ಚೌಕಟ್ಟುಗಳಲ್ಲಿ ಮೊದಲನೆಯದರ ಜೇನೆರಿ ಪೂರಾ ಲೂಟಿಯಾಗಿತ್ತು; ಅಂಚೆಲ್ಲ ಹರಿದು, ಮೇಣ ಹೊಟ್ಟಿನ ಹಾಗೆ ಉದುರಿತ್ತು. ಎರಡನೆಯದೂ ಬರಿದು. ಮೂರನೆಯದರಲ್ಲಿ ಅಂಗೈಯಗಲ ಹುಳು. ನಾಲ್ಕನೆಯದನ್ನು ಎತ್ತಿ ಬೆಳಕಿಗೆ ಓರೆ ಮಾಡಿ ಹಿಡಿದರು. ಉಳಿದವುಗಳೆಲ್ಲ ಅಲ್ಲಿ ಗುಂಪುಗೂಡಿದ್ದವು. ಗುಂಪಿನ ನಡುವೆ ಕಪ್ಪಾಗಿ, ಉದ್ದವಾಗಿ, ಒಂದು ರೆಕ್ಕೆಯ ತುದಿ ಹರಿದು, ಯಾವ ಅವಸರವೂ ಇಲ್ಲದೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗಿ ಇಣುಕುತ್ತಿದ್ದಳು.

"ರಂಗೂ" ಎಂದು ಸೇತುವೆಯವರೆಗೂ ಕೇಳುವಂತೆ ಕೂಗಲು ಮೇಷ್ಟ್ರು ಎದೆ ತುಂಬ ಉಸಿರೆಳೆದರು. ಅದೇ ಹೊತ್ತಿಗೆ ಒಂದು ಹುಳು ಬಂದು ಸರಿಯಾಗಿ ಎರಡು ತುಟಿಗಳು ಸೇರುವ ಜಾಗದಲ್ಲಿ ಕೂತಿತು.

ಬಾಯಿ ತೆಗೆದರೆ ಒಳಗೆ. ಊದಿದರೆ ಮುಳ್ಳು. ಎರಡೂ ಕೈಯಲ್ಲಿ ಚೌಕಟ್ಟು, ಚೌಕಟ್ಟಿನಲ್ಲಿ ರಾಣಿ. ಮೇಷ್ಟ್ರು ಎಳೆದ ಉಸಿರನ್ನು ಮೂಗಿನಿಂದ ಇಷ್ಟಿಷ್ಟೇ ಬಿಡುತ್ತಾ ನಿಂತರು.

ಅಡಿಗೆಮನೆಯ ಬಾಗಿಲು ತೆರೆಯಿತು. ಮೂರು ತಿಂಗಳಿಂದ ಕಿಟಕಿಯಿಂದಲೇ ನೋಡುತ್ತಿದ್ದ ರಂಗನಾಯಕಮ್ಮ ಸೆರಗು ತಲೆಗೆ ಸುತ್ತಿಕೊಂಡು ಮೆಟ್ಟಿಲಿಳಿದು ಬಂದರು. ಮೂರಡಿ ದೂರದಲ್ಲಿ ನಿಂತು, "ಇದ್ದಾಳಾ?" ಎಂದು ಕೇಳಿದರು.

ಮೇಷ್ಟ್ರು ಹುಬ್ಬು ಏರಿಸಿ ಇಳಿಸಿದರು.

"ಯಾಕೆ, ಮಾತು ಬರಲ್ವಾ?" ಬಗ್ಗಿ ನೋಡಿದರು. ತುಟಿಯ ಮೇಲಿನ ಹುಳು ಕಂಡಿತು. ಇನ್ನಷ್ಟು ಬಗ್ಗಿ ಚೌಕಟ್ಟು ನೋಡಿದರು. "ಇವಳೇನಾ? ಪಾಪ, ಸೊರಗಿದ್ದಾಳೆ. ಇಷ್ಟೆಲ್ಲ ಆದರೂ ಮೊಟ್ಟೆ ಇಡ್ತಿದ್ದಾಳೆ ನೋಡಿ." ಆಮೇಲೆ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು.

"ಮೊದಲು ಆ ಚಡ್ಡಿಯ ವಿಷಯ," ಅಂದರು. "ನಮ್ಮ ಮಾವನವರ ಶ್ರಾದ್ಧದ ದಿನವೂ ಅದೇನಾ ಹಾಕಿದ್ದಿದ್ದು?"

ಮೇಷ್ಟ್ರು ರೆಪ್ಪೆ ಮಿಟುಕಿಸಿದರು.

ರಂಗನಾಯಕಮ್ಮ ಚಡ್ಡಿಯಿಂದ ಮೀನಿಗೆ ಹೋದರು. ಮೀನಿನಿಂದ, ಮದುವೆಯಾದ ಹೊಸತರಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೆಟ್ಟಿಲನ್ನು ಎಣಿಸಿಕೊಂಡು ಎಡ-ಬಲ ಎಂದು ಹತ್ತಿಸಿದ್ದಕ್ಕೆ. ಅಲ್ಲಿಂದ, ತಮ್ಮ ತಂಗಿಯ ಗಂಡನಿಗೆ ಮೇಷ್ಟ್ರು ತುಂಬಿದ ಚಪ್ಪರದಲ್ಲಿ 'ನೇರ ನಿಂತ್ಕೊಳ್ಳಿ' ಅಂದದ್ದಕ್ಕೆ. ಒಂದೊಂದನ್ನೂ ಮೊದಲಿನಿಂದ ಕೊನೆಯವರೆಗೆ, ಯಾರೂ ಅಡ್ಡ ಮಾತಾಡದಿರುವಾಗ ಎಷ್ಟು ಚೆನ್ನಾಗಿ ಹೇಳಬಹುದೋ ಅಷ್ಟು ಚೆನ್ನಾಗಿ ಹೇಳಿದರು. ಹೇಳುತ್ತಾ ಹೇಳುತ್ತಾ ಅವರ ಮೊಣಕೈ ಮೇಲೂ ಒಂದು ಹುಳು ಬಂದು ಕೂತು ಹೋಯಿತು. ಅವರು ಗಮನಿಸಲಿಲ್ಲ.

ಮೇಷ್ಟ್ರ ತುಟಿಯ ಮೇಲಿದ್ದದ್ದು ಶ್ರವಣಬೆಳಗೊಳದ ಹೊತ್ತಿಗೇ ಹಾರಿಹೋಗಿತ್ತು. ರಾಣಿಯಿದ್ದ ಚೌಕಟ್ಟನ್ನು ಒಂದೂ ಹುಳು ನಲುಗದ ಹಾಗೆ ಮೆಲ್ಲಗೆ ಪೆಟ್ಟಿಗೆಗೆ ಇಳಿಸಿ, ಮುಚ್ಚಳ ಹಾಕಿ, ಅವರು ಕುರ್ಚಿಯ ಪಕ್ಕದ ಕಲ್ಲಿನ ಮೇಲೆ ಬಾಯಿ ಮುಚ್ಚಿಕೊಂಡು ಕೂತರು.